ಆನ್‌ಲೈನ್ ಅಂಗಡಿಯ ಮುಖಪುಟ ಸಿಂಗರಿಸುವ ಮುಂಚೆ ಫೋನ್ ಬೇರೆಯವರ ಕೈಗೆ ಕೊಡಿ

ನಿಮ್ಮ ಅಂಗಡಿಯ ಬಗ್ಗೆ ಏನೂ ಗೊತ್ತಿಲ್ಲದ ಯಾರನ್ನಾದರೂ ಹಿಡಿಯಿರಿ. ಅವರ ಕೈಗೆ ಫೋನ್ ಕೊಟ್ಟು ಮುಖಪುಟ ತೋರಿಸಿ, ಐದು ಎಣಿಸಿ ವಾಪಸ್ ಇಸ್ಕೊಳ್ಳಿ. "ಇಲ್ಲಿ ಏನು ಮಾರ್ತಾರೆ?" ಅಂತ ಕೇಳಿ. ಅವರು ತಡವರಿಸಿದರೆ ಬಣ್ಣ, ಫಾಂಟ್, ಲೋಗೊ ಎಲ್ಲ ಪಕ್ಕಕ್ಕಿಡಿ. ಮೊದಲು ಸರಿಯಾಗಬೇಕಾದದ್ದು ಇದೇ.

ನಾನೂ ಎಡವಿದ್ದು ಇಲ್ಲೇ. ಚೀಲ ಮಾರುವ ಪುಟದ ತಲೆಯ ಮೇಲೆ "ನಿಮ್ಮ ಶೈಲಿ, ನಮ್ಮ ಕನಸು" ಅಂತ ಬರೆದು ಬೀಗಿದ್ದೆ. ಗೆಳೆಯನೊಬ್ಬ ನೋಡಿ "ಬಟ್ಟೆ ಅಂಗಡೀನಾ?" ಅಂದ. ಅದನ್ನು ಅಳಿಸಿ "ಲ್ಯಾಪ್‌ಟಾಪ್ ಹಿಡಿಯುವ, ಕೈಯಲ್ಲೇ ಹೊಲಿದ ಕ್ಯಾನ್ವಾಸ್ ಚೀಲಗಳು" ಅಂತ ಹಾಕಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಸಪ್ಪೆ ಸಾಲು, ಒಪ್ಪಿದೆ. ಆದರೆ ಏನು, ಯಾರಿಗೆ, ಏನು ವಿಶೇಷ, ಮೂರೂ ಅದರಲ್ಲಿವೆ. ಅದರ ಜೊತೆ ಒಂದು ಒಳ್ಳೆ ಫೋಟೊ, ಒಂದೇ ಒಂದು ಬಟನ್. ಬಟನ್ ಮೇಲೆ "ಇನ್ನಷ್ಟು ತಿಳಿಯಿರಿ" ಬೇಡ, "ಚೀಲಗಳನ್ನು ನೋಡಿ" ಅಂತಿರಲಿ. ಒತ್ತಿದರೆ ಏನಾಗುತ್ತೆ ಅಂತ ಗೊತ್ತಾಗಬೇಕು ಅಲ್ವಾ?

ಇನ್ನು ಸ್ಲೈಡರ್, ಅಂದರೆ ಒಂದೇ ಜಾಗದಲ್ಲಿ ಒಂದಾದ ಮೇಲೊಂದು ತಾನಾಗೇ ಸರಿಯುವ ಬ್ಯಾನರ್‌ಗಳು. ಐದು ಬ್ಯಾನರ್‌ಗಳಲ್ಲಿ ಯಾವುದು ಮುಖ್ಯ ಅಂತ ಮಾಲೀಕರಿಗೇ ತೀರ್ಮಾನಿಸಲು ಆಗದಿದ್ದಾಗ ಸ್ಲೈಡರ್ ಹುಟ್ಟುತ್ತದೆ ಅನ್ನೋದು ನನ್ನ ಅನುಮಾನ. ಓದಲು ಶುರು ಮಾಡುವಷ್ಟರಲ್ಲಿ ಸರಿದು ಹೋಗುತ್ತೆ, ಬೆರಳು ಇಟ್ಟರೆ ಬೇರೆ ಬ್ಯಾನರ್ ತೆರೆಯುತ್ತೆ. ಒಂದನ್ನು ಆರಿಸಿ, ಉಳಿದದ್ದು ಕಿತ್ತುಹಾಕಿ.

ಪುಟ ನಿಧಾನ ಆಗೋದು ಹೆಚ್ಚಾಗಿ ಫೋಟೊಗಳಿಂದ. ಮೊಬೈಲಿನಲ್ಲಿ ತೆಗೆದ ಫೋಟೊ ಸಾಮಾನ್ಯವಾಗಿ 3,000–4,000 ಪಿಕ್ಸೆಲ್ ಅಗಲ ಇರುತ್ತೆ, ಅದನ್ನು ಹಾಗೇ ಏರಿಸಿದರೆ ಅಂಗೈಯಷ್ಟು ಸ್ಕ್ರೀನಿಗೆ ಸುಮ್ನೆ ಮೂಟೆ ಹೊರಿಸಿದ ಹಾಗೆ. ಬೇಕಾದ ಅಳತೆಗೆ ಇಳಿಸಿ, ಫೈಲ್ ಹಗುರ ಮಾಡುವ ವೆಬ್‌ಪಿ (WebP) ಫಾರ್ಮ್ಯಾಟಿಗೆ ಬದಲಾಯಿಸಿ. ಪುಟದ ಕೆಳಗಿನ ಫೋಟೊಗಳಿಗೆ ಲೇಜಿ ಲೋಡಿಂಗ್ (ಅಲ್ಲಿಗೆ ಸರಿಸಿದಾಗಷ್ಟೇ ಫೋಟೊ ತರಿಸೋದು) ಇರಲಿ, ಆದರೆ ಮೇಲಿನ ದೊಡ್ಡ ಫೋಟೊಗೆ ಮಾತ್ರ ಬೇಡ, ಹಾಕಿದರೆ ಮೊದಲು ಕಾಣಬೇಕಾದದ್ದೇ ತಡವಾಗಿ ಬರುತ್ತೆ. ಪ್ರತಿ ಫೋಟೊದ ಅಗಲ, ಎತ್ತರ ಕೋಡ್‌ನಲ್ಲಿ ಮೊದಲೇ ಕೊಟ್ಟುಬಿಟ್ಟರೆ ಲೋಡ್ ಆಗುವಾಗ ಪುಟ ಮೇಲೆ ಕೆಳಗೆ ಕುಣಿಯಲ್ಲ. ಗೂಗಲ್ ಲೆಕ್ಕದಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಚೆನ್ನಾಗಿದೆ ಅಂತ ಅರ್ಥ. ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ಪುಟದ ವಿಳಾಸ ಹಾಕಿ ನೋಡಿ, ದುಡ್ಡು ಕೊಡಬೇಕಿಲ್ಲ.

ಫೋನಿನಲ್ಲಿ ಬಟನ್‌ಗಳು ಚಿಕ್ಕದಾದರೆ ಬೆರಳು ಪಕ್ಕದ್ದನ್ನು ಒತ್ತುತ್ತೆ. ಅಗಲ, ಎತ್ತರ ಎರಡೂ ಆಪಲ್ 44 ಪಾಯಿಂಟ್ ಅಂತ ಹೇಳುತ್ತೆ, ಗೂಗಲ್ ಆಂಡ್ರಾಯ್ಡಿಗೆ 48 ಡಿಪಿ ಅನ್ನುತ್ತೆ (ಪಾಯಿಂಟ್, ಡಿಪಿ ಎರಡೂ ಸ್ಕ್ರೀನಿನ ಮೇಲಿನ ಅಳತೆಗಳು), ಅದರ ಆಸುಪಾಸು ಇರಲಿ. ಬಿಳಿಯ ಮೇಲೆ ತೆಳು ಬೂದು ಅಕ್ಷರ ನೋಡೋಕೆ ನಾಜೂಕು, ಬಿಸಿಲಲ್ಲಿ ಓದೋಕೆ ಆಗಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಎರಡರ ಹೊಳಪಿನ ಅನುಪಾತ) ಬೇಕು.

ಇಪ್ಪತ್ತೇ ಸಾಮಾನು ಇದ್ದರೆ ಎಂಟು ವಿಭಾಗ ಯಾಕೆ? ಚೆನ್ನಾಗಿ ಹೋಗುವ ಆರನ್ನು ಬೆಲೆ ಸಮೇತ ಮುಖಪುಟದಲ್ಲೇ ತೋರಿಸಿ. ಮೆನುವಿನಲ್ಲಿ ಗಿರಾಕಿಗಳು ಬಳಸುವ ಹೆಸರೇ ಇರಲಿ, ನೀವು ಇಟ್ಟ ಮುದ್ದಿನ ಹೆಸರು ಅವರಿಗೆ ಗೊತ್ತಿರಲ್ಲ.

ಒಂದು ವಿಷಯ ತುಂಬಾ ಜನ ಮರೆಯುತ್ತಾರೆ. ಸರ್ಚ್‌ನಿಂದಲೋ ಜಾಹೀರಾತಿನಿಂದಲೋ ಬರುವವರಲ್ಲಿ ಎಷ್ಟೋ ಜನ ಮೊದಲು ಇಳಿಯೋದು ಸಾಮಾನಿನ ಪುಟಕ್ಕೆ. ಸಾಮಾನು ಹಿಡಿಸಿದ ಮೇಲೆ "ಇವರು ಯಾರಪ್ಪಾ, ನಂಬಬಹುದಾ?" ಅಂತ ಲೋಗೊ ಒತ್ತಿ ಮುಖಪುಟಕ್ಕೆ ಬರುತ್ತಾರೆ. ಅಂದರೆ ಅವರು ಬಂದಿರೋದು ನಿಮ್ಮನ್ನು ತೂಗಿ ನೋಡೋಕೆ. ಆದ್ದರಿಂದ ಡೆಲಿವರಿಗೆ ಎಷ್ಟು ದಿನ, ಎಷ್ಟು ದುಡ್ಡು, ಹಿಡಿಸದಿದ್ದರೆ ವಾಪಸ್ ಹೇಗೆ, ಇವನ್ನು ಅಡಿಯಲ್ಲಿ ಬಚ್ಚಿಡಬೇಡಿ. ದುಡ್ಡು ಕಟ್ಟುವ ಹೊತ್ತಿಗೆ ಹೊಸ ಚಾರ್ಜ್ ಕಂಡರೆ ಕಾರ್ಟ್ ಅಲ್ಲೇ ಬಿಟ್ಟು ಹೋಗ್ತಾರೆ. ಮಾತಾಡಿಸೋಕೆ ಒಂದು ನಂಬರ್, ನಿಮ್ಮದೇ ಒಂದು ಫೋಟೊ, ನಿಜವಾದ ಗಿರಾಕಿಗಳ ನಾಲ್ಕು ಮಾತು ಇರಲಿ. ಇನ್ನೂ ರಿವ್ಯೂ ಬಂದಿಲ್ಲವಾ, ಆ ಜಾಗವೇ ಬೇಡ. "ಎರಡೇ ಉಳಿದಿವೆ" ಅಂತ ಸುಳ್ಳು ಹೇಳೋದು, "ಆಫರ್ ಮುಗಿಯಲು ಇಷ್ಟೇ ಹೊತ್ತು" ಅಂತ ಪುಟ ತೆರೆದಾಗಲೆಲ್ಲ ಮೊದಲಿಂದ ಶುರುವಾಗುವ ಗಡಿಯಾರ ಇಡೋದು, ಇವನ್ನು ಜನ ಎರಡನೇ ಸಲಕ್ಕೇ ಕಂಡುಹಿಡೀತಾರೆ. ಬಂದ ತಕ್ಷಣ ಇಮೇಲ್ ಕೇಳುವ ಪಾಪ್‌ಅಪ್ ಕೂಡ ಬೇಡ, ಸ್ವಲ್ಪ ನೋಡೋಕೆ ಬಿಡಿ.

ದಿನಕ್ಕೆ ಕೆಲವೇ ಜನ ಬರುವ ಅಂಗಡಿಗೆ ಎರಡು ವಿನ್ಯಾಸ ಹೋಲಿಸುವ ಟೆಸ್ಟ್ ಮಾಡಿ ಪ್ರಯೋಜನ ಇಲ್ಲ, ಅಷ್ಟು ಕಡಿಮೆ ಲೆಕ್ಕದಲ್ಲಿ ಏನೂ ಗೊತ್ತಾಗಲ್ಲ. ಅದರ ಬದಲು ನಾಲ್ಕೈದು ಜನರ ಪಕ್ಕ ಕೂತು "ಒಂದು ಚೀಲ ಆರಿಸಿ ಕಾರ್ಟಿಗೆ ಹಾಕಿ" ಅಂತ ಹೇಳಿ, ಬಾಯಿ ಮುಚ್ಚಿಕೊಂಡು ನೋಡಿ. ಬಾಯಿ ಮುಚ್ಚೋದೇ ಕಷ್ಟ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ರಿಪೇರಿ ಮಾಡಿ. ಹಾಂ, ಸೇಲ್ ಬ್ಯಾನರ್ ಹಾಕಿದ ದಿನವೇ ಅದನ್ನು ತೆಗೆಯುವ ತಾರೀಖಿಗೆ ಫೋನಿನಲ್ಲಿ ರಿಮೈಂಡರ್ ಇಟ್ಟುಬಿಡಿ.