ಮೀನು ಮಾರ್ಕೆಟ್ಟಿನ ಮಾತು ಎಣಿಸಿದ್ದು

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನಿಂತು ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ಎಣಿಸಿದೆವು. ಪ್ರಶ್ನಾವಳಿ ಇಲ್ಲದೆ ಅದೆಂಥ ಸಮೀಕ್ಷೆ ಅಂದವರೇ ಈಗ ನಮ್ಮ ಹಾಳೆಯ ಮಾದರಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರವಾರದಲ್ಲಿ ಬೇರೆ ಬೇರೆ ಭಾಷೆಯವರು ಒಬ್ಬರಿಗೊಬ್ಬರು ಎಷ್ಟು ಮಾತಾಡುತ್ತಾರೆ ಎಂದು ಕೇಳಿದರೆ ಬರುವುದು ಒಂದೇ ಉತ್ತರ: "ಎಲ್ಲರೂ ಚೆನ್ನಾಗೇ ಇದ್ದೇವಲ್ಲ." 60 ಚಿಲ್ಲರೆ ಫಾರಂ ಅಲ್ಲಿಗೇ ದಂಡ. ಆಮೇಲೆ ಸುಮಾರು 6,000 ರೂಪಾಯಿಯ ರೆಕಾರ್ಡರ್. ಟ್ಯಾಗೋರ್ ಕಡಲತೀರದಲ್ಲಿ ಒಪ್ಪಿದವರ ಮಾತನ್ನೂ ಗಾಳಿ ನುಂಗಿತು. ಮೈಕಿಗೆ ಸ್ಪಂಜಿನ ಟೋಪಿ ಹಾಕಿದರೂ ಅಷ್ಟೇ. ನೌಕಾನೆಲೆಯ ಊರಲ್ಲಿ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ನಿಲ್ಲುವ ಮಾತಂತೂ ಇಲ್ಲ.

ಕೈ ಹಿಡಿದದ್ದು ಹಾಳೆ, ಪೆನ್ಸಿಲ್, ಒತ್ತಿದಾಗೊಮ್ಮೆ ಒಂದು ಎಣಿಸುವ 150 ರೂಪಾಯಿಯ ಕ್ಲಿಕ್ಕರ್. 5 ನಿಮಿಷ ನೋಡುವುದು, 10 ನಿಮಿಷ ಬರೆಯುವುದು, ಗಂಟೆಗೆ 4 ಸುತ್ತು. ಉಡುಗೆ ನೋಡಿ ಜಾತಿ-ಧರ್ಮ ಬರೆಯುವುದನ್ನು ಮೊದಲ ವಾರವೇ ಬಿಟ್ಟೆವು. ಕಿವಿಗೆ ಬಿದ್ದ ಭಾಷೆ ಮಾತ್ರ. ಬಂಗಡೆ ಮೀನಿನ ಪಾಲಿನ (ಗುಡ್ಡೆಯ) ಮುಂದೆ "ಹೇಗ್ ಕೊಟ್ರಿ?", "ಕಶೆ ದಿಲೆ?", "ಕೈಸಾ ದಿಯಾ?" ಮೂರೂ ಕೇಳುತ್ತವೆ. ಆದರೆ ಗಮನ ಇರಬೇಕಾದದ್ದು ಮಾರುವವಳ ಮೇಲೆ. ಹಿಂದಿಯವರಿಗೆ ಹಿಂದಿಯಲ್ಲೇ ದರ ಹೇಳುತ್ತಾಳೆ, ಚೌಕಾಸಿ ಎಳೆದರೆ ಪಕ್ಕದವಳ ಹತ್ತಿರ ಕೊಂಕಣಿಯಲ್ಲಿ ಗೊಣಗುತ್ತಾಳೆ, ಮತ್ತೆ ಹಿಂದಿಗೆ ಬರುತ್ತಾಳೆ. ಆ ಹೊರಳಿಕೆಗೆ ಹಾಳೆಯಲ್ಲಿ ಒಂದು ಬಾಣ. ಇಡೀ ಕೆಲಸದಲ್ಲಿ ಬೆಲೆಬಾಳಿದ್ದು ಆ ಬಾಣಗಳೇ.

ಇಬ್ಬರು ಒಟ್ಟಿಗೆ ಎಣಿಸಿದ ಲೆಕ್ಕ ಮೊದಲು 100ಕ್ಕೆ 55-60ರಷ್ಟೇ ತಾಳೆಯಾಯಿತು. ಒಬ್ಬರು ಪ್ರತಿ ದರವನ್ನೂ ಒಂದು ಮಾತುಕತೆ ಎಂದು ಒತ್ತಿದರೆ ಇನ್ನೊಬ್ಬರಿಗೆ ಇಡೀ ವ್ಯಾಪಾರವೇ ಒಂದು. ಗಿರಾಕಿ ಬುಟ್ಟಿ ಬಿಟ್ಟು ಕದಲುವ ತನಕ ಒಂದೇ ಎಂದು ಗೆರೆ ಎಳೆದ ಮೇಲೆ 85 ದಾಟಿತು. ಎಲ್ಲಿ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಮಾತ್ರ ನಮ್ಮಲ್ಲೇ ಇರಲಿ.

ನಡುವೆ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಾಪೆಲ್ ಯುದ್ಧನೌಕೆಯ ಹತ್ತಿರವೂ ಎರಡು ಸಂಜೆ ಕ್ಲಿಕ್ಕರ್ ಒತ್ತಿ ನೋಡಿದೆವು. ಬೆಂಚಿನ ಎರಡು ತುದಿಗೆ ಕೂತವರು ಸಮುದ್ರ ನೋಡುತ್ತಾರೆಯೇ ಹೊರತು ತುಟಿ ಬಿಚ್ಚುವುದಿಲ್ಲ, ಗುರುತಿಲ್ಲದವರ ಮಾತು ಹುಟ್ಟುವುದು "ಒಂದು ಫೋಟೊ ತೆಗೀತೀರಾ?" ಎಂದು ಮೊಬೈಲ್ ಚಾಚಿದಾಗ.

ಎಣಿಸುವವರಿಗೆ ಗಂಟೆಗೆ 150ರಂತೆ ಕೊಟ್ಟು, ಚಹಾ ಸೇರಿ ಒಟ್ಟು 20-22 ಸಾವಿರ ಆಗಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಾರ್ಕೆಟ್ ಅರ್ಧ ಖಾಲಿ. ಆ ಎರಡು ತಿಂಗಳ ಎಣಿಕೆಯನ್ನು ನವೆಂಬರಿನ ಎಣಿಕೆಯ ಪಕ್ಕ ಇಡಬೇಡಿ. ಭಾನುವಾರದ ಸಂತೆಯ ಹಾಳೆಯೂ ಬೇರೆ ಫೈಲಿಗೆ. ಮಳೆಯಲ್ಲಿ ಪೆನ್ಸಿಲ್ಲೇ ಬೇಕು, ಒದ್ದೆ ಹಾಳೆಯ ಮೇಲೆ ಬಾಲ್ ಪೆನ್ ಓಡುವುದಿಲ್ಲ.