ಇಲ್ಲಿ ಉಸಿರು: ಹಾಸನದಲ್ಲಿ ನಾವು ಕಟ್ಟಿದ ವಾದ್ಯವೃಂದ

ನಮ್ಮ ವಾದ್ಯವೃಂದದ ಚರಿತ್ರೆ ಬರೆದುಕೊಡಿ ಮೇಷ್ಟ್ರೇ ಎಂದು ಹುಡುಗರು ಎರಡು ವರ್ಷದಿಂದ ಕೇಳುತ್ತಿದ್ದರು. ಈ ಮಳೆಗಾಲದಲ್ಲಿ ಕೂತೆ. ಬೀರುವಿನಿಂದ ಹಾಜರಿ ಪುಸ್ತಕಗಳನ್ನು ತೆಗೆದೆ. ಪ್ರತಿ ಭಾನುವಾರ ಯಾರು ಬಂದರು, ಏನು ನುಡಿಸಿದೆವು, ಎಲ್ಲಿ ತಪ್ಪಿತು, ಎಲ್ಲವೂ ಅದರಲ್ಲಿದೆ. ಮೊದಲ ಪುಟದಲ್ಲಿ ಆರು ಹೆಸರು. ನಾಲ್ಕು ಪಿಟೀಲು, ಒಂದು ಕೊಳಲು, ಒಂದು ಮೃದಂಗ. ಜಾಗ ನಮ್ಮ ಮನೆಯ ಮಹಡಿ.

ನಾನು ಪಿಟೀಲು ಪಾಠ ಹೇಳುವವನು. ಕರ್ನಾಟಕ ಸಂಗೀತ ಒಬ್ಬೊಬ್ಬರೇ ಕೂತು ಬೆಳೆಸಿಕೊಳ್ಳುವ ವಿದ್ಯೆ. ಆದರೆ ಮಕ್ಕಳು ಒಟ್ಟಿಗೆ ನುಡಿಸಿದ ದಿನ ಅವರ ಮುಖ ನೋಡಬೇಕು. ಮನೆಯಲ್ಲಿ ಬೈಸಿಕೊಂಡರೂ ಬಿಲ್ಲು ಮುಟ್ಟದ ಹುಡುಗ ಭಾನುವಾರ ನಾಲ್ಕು ಗಂಟೆಗೆ ಮುಂಚೆಯೇ ಬಂದು ಜಮಖಾನ ಹಾಸುತ್ತಿದ್ದ. ಆ ಖುಷಿಗಾಗಿಯೇ ನಾನು ಇದನ್ನು ಶುರು ಮಾಡಿದ್ದು.

ನಮ್ಮ ಕಡೆಗೆ ಇದು ಹೊಸದೇನಲ್ಲ. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲೇ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು. ವೀಣೆ ವೆಂಕಟಗಿರಿಯಪ್ಪನವರು ವಾದ್ಯಗಳಿಗೆಂದೇ ನಗ್ಮಾ ಎಂಬ ರಚನೆಗಳನ್ನು ಮಾಡಿದರು. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದರು. ಆಕಾಶವಾಣಿ ದೆಹಲಿಯಲ್ಲಿ 1952ರಲ್ಲಿ ವಾದ್ಯವೃಂದ ಕಟ್ಟಿದಾಗ ಪಂಡಿತ್ ರವಿಶಂಕರ್ ಅದನ್ನು ನಡೆಸಿದರು. ಅವೆಲ್ಲ ದೊಡ್ಡವರ, ಸಂಬಳದ ವೃಂದಗಳು. ನಮ್ಮದು ಕೆಲಸ ಮುಗಿಸಿ ಬಂದವರದ್ದು. ಇಲ್ಲಿ ಮೇಳಕ್ಕೆ ತಕ್ಕಂತೆ ಜನರನ್ನು ಆರಿಸುವ ಹಾಗಿಲ್ಲ. ಬಂದ ಜನರಿಗೆ ತಕ್ಕಂತೆ ಮೇಳ ಬರೆಯಬೇಕು.

ಮೊದಲು ಏನು ನುಡಿಸಬೇಕು ಅನ್ನೋದೇ ದೊಡ್ಡ ಪ್ರಶ್ನೆ. ನಾನು ಹುಮ್ಮಸ್ಸಿನಲ್ಲಿ ತೋಡಿ ರಾಗದ ಒಂದು ಕೃತಿ ಎತ್ತಿಕೊಂಡೆ. ನಾಲ್ಕು ಪಿಟೀಲು, ನಾಲ್ಕು ಥರ ಗಾಂಧಾರ, ಅಂದರೆ ‘ಗ’ ಸ್ವರ. ಒಬ್ಬಳು ನಿಧಾನವಾಗಿ ಅಲುಗಿಸುತ್ತಾಳೆ, ಇನ್ನೊಬ್ಬ ಬೇಗ. ಒಬ್ಬೊಬ್ಬರೇ ನುಡಿಸಿದರೆ ಎಲ್ಲವೂ ಸರಿ, ಸೇರಿದರೆ ಕಿವಿ ಮುಚ್ಚಿಕೊಳ್ಳಬೇಕು. ಆಮೇಲೆ ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ ನೆನಪಾದವು. ಮದರಾಸಿನ ಕಡೆ ಇಂಗ್ಲಿಷರ ಬ್ಯಾಂಡು ನುಡಿಸುತ್ತಿದ್ದ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ಎಲ್ಲವೂ ಶಂಕರಾಭರಣ ರಾಗದ ಸ್ವರಗಳು, ಗಮಕವಿಲ್ಲ, ಅಂದರೆ ಸ್ವರವನ್ನು ಅಲುಗಿಸುವ ಕೆಲಸವಿಲ್ಲ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ‘ಶ್ಯಾಮಲೇ ಮೀನಾಕ್ಷಿ’ ಕೊಟ್ಟೆ. ಅದರ ಮಟ್ಟು ಮಕ್ಕಳು ನರ್ಸರಿಯಲ್ಲಿ ಹಾಡುವ ‘ಟ್ವಿಂಕಲ್ ಟ್ವಿಂಕಲ್’ನದೇ. ಒಂದೇ ಸಂಜೆಯಲ್ಲಿ ಕೂಡಿಬಂತು.

ಹಾಸನ ಜಿಲ್ಲೆಯಲ್ಲಿ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರ ಊರು. ಹಾಗಾಗಿ ಗಮಕ ಬಿಟ್ಟು ಸಂಗೀತವೇ ಎಂದು ಕೇಳುವವರು ಇಲ್ಲಿ ಇದ್ದೇ ಇದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ನಾವು ಗಮಕ ಬಿಡಲಿಲ್ಲ, ಮುಂದಕ್ಕೆ ಹಾಕಿದೆವು. ಮೂರನೇ ವರ್ಷದಿಂದ ಒಂದೊಂದು ಗಮಕವನ್ನೂ ಬಿಡಿಸಿ, ತಾಳದ ಎಷ್ಟು ಅಕ್ಷರಕ್ಕೆ ಎಷ್ಟು ಸಲ ಎಂದು ಬರೆದು, ಎಲ್ಲರೂ ಒಂದೇ ಥರ ಹಾಡಿ, ಆಮೇಲೆ ಬಿಲ್ಲು ಹಿಡಿದೆವು. ಮೊದಲು ಬಾಯಲ್ಲಿ, ಆಮೇಲೆ ಕೈಯಲ್ಲಿ. ಇವತ್ತಿಗೂ ನಮ್ಮ ಕ್ರಮ ಅದೇ.

ಶ್ರುತಿಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಇಂಥದ್ದು ಶುರು ಮಾಡುವವರು ಜಾಸ್ತಿ ಸೋಲುವುದು ಅಲ್ಲೇ. ಹಾರ್ಮೋನಿಯಂನ ಎಷ್ಟನೇ ಮನೆಯನ್ನು ಷಡ್ಜ, ಅಂದರೆ ‘ಸ’, ಮಾಡಿಕೊಳ್ಳುತ್ತೇವೋ ಅದೇ ಶ್ರುತಿಯ ಲೆಕ್ಕ. ಪಿಟೀಲಿಗೂ ಕೊಳಲಿಗೂ ಐದರ ಶ್ರುತಿ ಹಿತ. ಆಮೇಲೆ ಇಬ್ಬರು ವೀಣೆಯವರು ಬಂದರು. ವೀಣೆಯನ್ನು ಐದಕ್ಕೆ ಏರಿಸಿದರೆ ತಂತಿ ಹರಿಯುತ್ತದೆ. ಹಾಗಾಗಿ ವೀಣೆಯನ್ನು ಎರಡಕ್ಕೆ ಕೂಡಿಸಿದೆವು. ಎರಡನ್ನು ಷಡ್ಜ ಮಾಡಿದರೆ ಅದರ ಮಧ್ಯಮ, ಅಂದರೆ ‘ಮ’, ಐದರಲ್ಲಿ ಬೀಳುತ್ತದೆ. ಆ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ನುಡಿಸಿ ಎಂದೆ. ವೀಣೆಯ ಪಕ್ಕದ ತಾಳದ ತಂತಿಗಳಲ್ಲಿ ಪಂಚಮದ್ದನ್ನು, ಅಂದರೆ ‘ಪ’ದ್ದನ್ನು, ಮಧ್ಯಮಕ್ಕೆ ಇಳಿಸಿದರೆ ಸಾಕು. ಮಧ್ಯಮ ಶ್ರುತಿ ನಮ್ಮಲ್ಲಿ ಮೊದಲಿಂದಲೂ ಇದೆ, ಅಲ್ವಾ? ಇಬ್ಬರಿಗೂ ಬೆರಳು ಒಗ್ಗಲು ಒಂದು ತಿಂಗಳು ಹಿಡಿಯಿತು.

ಆಮೇಲೆ ಬಂದವರು ಕ್ಲಾರಿಯೊನೆಟ್ ಅಣ್ಣ. ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಮೂವತ್ತು ವರ್ಷ ಊದಿದವರು. ಕೆಳಗೆ ರಸ್ತೆಯಲ್ಲಿ ನಿಂತು ನಮ್ಮ ಅಭ್ಯಾಸ ಕೇಳಿ, ಮೆಟ್ಟಿಲು ಹತ್ತಿ ಬಂದು, “ಮೇಷ್ಟ್ರೇ, ನಾನೂ ಕೂರಬಹುದಾ?” ಎಂದರು. ಅವರ ವಾದ್ಯದಲ್ಲಿ ಒಂದನೇ ಮನೆ ಹಿಡಿದು ಊದಿದರೆ ಹೊರಗೆ ಕೇಳುವುದು ಆರೂವರೆ, ಅಂದರೆ ಆರರ ಮುಂದಿನ ಕಪ್ಪು ಮನೆ. ಹಾಗಾಗಿ ನಮ್ಮ ಐದಕ್ಕೆ ಅವರು ಆರು ಹಿಡಿಯಬೇಕು. ಅದನ್ನು ಅವರೇ ಎರಡು ನಿಮಿಷದಲ್ಲಿ ಕಂಡುಕೊಂಡರು. ನಾನು ಪುಸ್ತಕ ತೆಗೆದು ಲೆಕ್ಕ ಹಾಕುವುದರೊಳಗೆ ಅವರು ನಮ್ಮ ಷಡ್ಜಕ್ಕೆ ಸೇರಿದ್ದರು.

ನಾನು ಮಾಡಿದ ದೊಡ್ಡ ತಪ್ಪು ಅವರ ಭಾಗ ಬರೆಯುವಾಗ ಆಯಿತು. ಪಿಟೀಲಿನವನಿಗೆ ಬಿಲ್ಲು ತಿರುಗಿಸಿದರೆ ಸ್ವರ ಮುಂದುವರಿಯುತ್ತದೆ. ಆ ಅಭ್ಯಾಸದಲ್ಲೇ ಅವರಿಗೂ ಎಡೆಬಿಡದೆ ಎಂಟು ಆವರ್ತ, ಅಂದರೆ ತಾಳದ ಎಂಟು ಸುತ್ತು, ಬರೆದಿದ್ದೆ. ಐದನೇ ಆವರ್ತಕ್ಕೆ ಅವರ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ನಿಲ್ಲಿಸಲಿಲ್ಲ. ಮುಗಿಸಿ ನೀರು ಕುಡಿದರು. ಮನೆಗೆ ಹೋಗುವಾಗ ತಮ್ಮ ಲಾಂಗ್‌ಬುಕ್ ಕೊಟ್ಟು ಹೋದರು. ಪುಟದ ತುಂಬ ಪೆನ್ಸಿಲ್‌ನಲ್ಲಿ ಸಣ್ಣ ಗೆರೆ ಎಳೆದು ‘ಇಲ್ಲಿ ಉಸಿರು’, ‘ಇಲ್ಲಿ ಉಸಿರು’ ಎಂದು ಬರೆದಿದ್ದರು. ರಾತ್ರಿ ಆ ಗೆರೆಗಳನ್ನು ನೋಡಿಕೊಂಡು ನಾನೇ ಹಾಡಿ ನೋಡಿದೆ. ಪ್ರತಿ ಗೆರೆಯೂ ಸಾಹಿತ್ಯದಲ್ಲಿ ಪದ ಮುಗಿಯುವ ಜಾಗದಲ್ಲೇ ಇತ್ತು. ಮರುವಾರ ಪಿಟೀಲಿನ ಮಕ್ಕಳಿಗೂ ಅದೇ ಗೆರೆಗಳಲ್ಲಿ ಬಿಲ್ಲು ಎತ್ತಲು ಹೇಳಿದೆ. ಅಲ್ಲಿಯವರೆಗೆ ಉದ್ದಕ್ಕೆ ಓಡುತ್ತಿದ್ದ ಹಾಡು ಆವತ್ತು ಮಾತಾಡಿತು.

ಹೊಸಬರಿಗೆ ಏನು ಕೊಡೋದು? ಅದಕ್ಕೆ ನಾವು ‘ಸ-ಪ ಗುಂಪು’ ಮಾಡಿದೆವು. ಪಿಟೀಲು ಹಿಡಿದು ಎರಡು ತಿಂಗಳಾದ ಮಗುವೂ ಖಾಲಿ ತಂತಿಯಲ್ಲಿ ಸ, ಪ ಎಳೆಯಬಲ್ಲದು. ಹತ್ತು ಮಕ್ಕಳು ಹಾಗೆ ಎಳೆದರೆ ತಂಬೂರಿ ಬೇಡ. ತಾಳ ಕಲಿಯುತ್ತಾರೆ, ಕಿವಿ ತಯಾರಾಗುತ್ತದೆ, ವೇದಿಕೆ ಭಯ ಹೋಗುತ್ತದೆ. ಸ್ವಲ್ಪ ಬಲ್ಲವರಿಗೆ ಮೋಹನ ರಾಗ ಕೊಡಿ. ಒಂದು ಗುಂಪು ಶುರು ಮಾಡಿ, ಒಂದು ಆವರ್ತ ಬಿಟ್ಟು ಇನ್ನೊಂದು ಗುಂಪು ಅದನ್ನೇ ಹಿಡಿಯಲಿ. ಸ ರಿ ಗ ಪ ದ, ಈ ಐದರಲ್ಲಿ ಯಾವುದರ ಮೇಲೆ ಯಾವುದು ಬಿದ್ದರೂ ಕಿವಿಗೆ ಕಚ್ಚುವುದಿಲ್ಲ. ಇದನ್ನೇ ಶಂಕರಾಭರಣದಲ್ಲಿ ಮಾಡಲು ಹೋದರೆ ಗಾಂಧಾರಕ್ಕೆ ಮಧ್ಯಮ, ಷಡ್ಜಕ್ಕೆ ನಿಷಾದ ಡಿಕ್ಕಿ ಹೊಡೆಯುತ್ತವೆ.

ಹಾಜರಿ ಪುಸ್ತಕ ತಿರುವಿದರೆ ಹಾಸನದ ಪಂಚಾಂಗವೇ ಕಾಣುತ್ತದೆ. ಮೇನಲ್ಲಿ ಆಲೂಗಡ್ಡೆ ಬಿತ್ತನೆ, ಮೃದಂಗದವರು ಇಲ್ಲ. ಹಾಸನಾಂಬೆಯ ಬಾಗಿಲು ತೆಗೆದ ದಿನಗಳಲ್ಲಿ ಎಲ್ಲರ ಮನೆಯಲ್ಲೂ ನೆಂಟರು, ಅಭ್ಯಾಸವೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಸಕಲೇಶಪುರದ ಕಡೆಯವರು ಕಾಫಿ ಕೊಯ್ಲು ಬಿಟ್ಟು ಬರುವಂತಿಲ್ಲ. ಮಾರ್ಚಿನಲ್ಲಿ ಪರೀಕ್ಷೆ. ಲಗ್ನದ ತಿಂಗಳುಗಳಲ್ಲಿ ಅಣ್ಣ ಸಿಗುವುದಿಲ್ಲ. ಆಷಾಢ ಬಂತೆಂದರೆ ಅಣ್ಣ ಪ್ರತಿ ವಾರ ಹಾಜರು, ಆದರೆ ಆಗ ಮಳೆ. ಮೃದಂಗದ ಚರ್ಮ ತೇವ ಹಿಡಿದು ಶ್ರುತಿ ಇಳಿಯುತ್ತದೆ, ಪಿಟೀಲಿನ ಬಿರಟೆ ಉಬ್ಬಿ ತಿರುಗುವುದಿಲ್ಲ. ಮರದ ಪೆಟ್ಟಿಗೆಯೊಳಗೆ ಒಂದು ಬಲ್ಬು ಹಾಕಿ ಮೃದಂಗ ಇಟ್ಟರೆ ಸರಿಹೋಗುತ್ತದೆ ಎಂದು ತಿಳಿಯಲು ನಮಗೆ ಎರಡು ಮಳೆಗಾಲ ಬೇಕಾಯಿತು. ಅದಕ್ಕೇ ಹೇಳುತ್ತೇನೆ, ಯಾರೇ ಆಗಲಿ ಇಂಥ ಮೇಳ ಕಟ್ಟುವವರು ಒಂದೇ ವಾದ್ಯದ ಮೇಲೆ ಪೂರ್ತಿ ಹಾಡು ನಿಲ್ಲಿಸಬೇಡಿ. ಪ್ರತಿ ಭಾಗಕ್ಕೂ ಇನ್ನೊಬ್ಬರು ತಿಳಿದವರಿರಲಿ.

ಕಛೇರಿಗಳ ಬಗ್ಗೆ ಹೇಳುವುದು ಕಡಿಮೆ. ಒಂದು ಸಮಾರಂಭದಲ್ಲಿ ಇಪ್ಪತ್ತು ನಿಮಿಷ ಎಂದು ಕರೆದು, ಭಾಷಣಗಳು ಉದ್ದವಾಗಿ ನಮಗೆ ಆರು ನಿಮಿಷ ಕೊಟ್ಟರು. ಮಕ್ಕಳು ಅತ್ತರು. ಅವತ್ತಿನಿಂದ ವರ್ಷಕ್ಕೆ ಒಂದು ಕಛೇರಿ ನಮ್ಮದೇ ಖರ್ಚಿನಲ್ಲಿ, ಮೈಕಿಲ್ಲದ ಚಿಕ್ಕ ಸಭಾಂಗಣದಲ್ಲಿ. ಸಭಾಂಗಣದ ಬಾಡಿಗೆಗೆಂದು ತಿಂಗಳಿಗೆ ನೂರು ರೂಪಾಯಿ ಹಾಕುವ ಡಬ್ಬಿ ಇಟ್ಟೆವು.

ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಅವರ ಮಗ ವಾದ್ಯವನ್ನು ಬ್ಯಾಂಡ್‌ಸೆಟ್‌ನಲ್ಲೇ ಇಟ್ಟುಕೊಂಡ, ಅದು ಸರಿಯೇ. ಲಾಂಗ್‌ಬುಕ್ ಮಾತ್ರ ನಮಗೆ ತಂದುಕೊಟ್ಟ. ಈಗ ಆ ಭಾಗವನ್ನು ಕೊಳಲಿನ ಹುಡುಗಿಯೊಬ್ಬಳು ನುಡಿಸುತ್ತಾಳೆ. ಒಂಬತ್ತನೇ ತರಗತಿ. ಮೊನ್ನೆ ಭಾನುವಾರ ಅದನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾ ಕೂತಿದ್ದಳು. ಸ್ವರಗಳನ್ನು ನೀಲಿ ಪೆನ್ನಿನಲ್ಲಿ ಬರೆದು ಮುಗಿಸಿ, ಪೆನ್ಸಿಲ್ ತೆಗೆದುಕೊಂಡು ಮತ್ತೆ ಮೊದಲ ಸಾಲಿಗೆ ಬಂದಳು. “ಸರ್, ಈ ಗೆರೆಗಳನ್ನೂ ಬರ್ಕೊಳ್ಳಲಾ?” ಎಂದು ಕೇಳಿದಳು. ಬರ್ಕೋ ಮಗಳೇ, ಒಂದೂ ಬಿಡಬೇಡ ಎಂದೆ.