ಅಘನಾಶಿನಿ ಕೊಳ್ಳ: ಹೊಳೆಯ ಜೊತೆ ಘಟ್ಟ ಇಳಿಯುವುದು ಹೇಗೆ?

ಉತ್ತರ ಕನ್ನಡಕ್ಕೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಬೆಳಿಗ್ಗೆ ಒಂದು ಜಲಪಾತ, ಮಧ್ಯಾಹ್ನ ಯಾಣ, ಸಂಜೆಗೆ ಗೋಕರ್ಣದ ಕಡಲು. ದಿನದ ಬಹುಪಾಲು ಕಾರಿನಲ್ಲೇ ಕಳೆದುಹೋಗುತ್ತದೆ. ಅದರ ಬದಲು ಒಂದೇ ಹೊಳೆ ಹಿಡಿದು, ಅದು ಹುಟ್ಟುವ ಕಡೆಯಿಂದ ಕಡಲಿನವರೆಗೆ ನಿಧಾನಕ್ಕೆ ಇಳಿದು ನೋಡಿ. ಇದಕ್ಕೆ ಅಘನಾಶಿನಿಯೇ ಸರಿ. ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿ ಕಡೆಯಿಂದ ಬರುವ ಎರಡು ಹಳ್ಳಗಳು ಕೂಡಿ ಆಗುವ ಹೊಳೆ ಇದು. ಪಕ್ಕದ ಶರಾವತಿಗೂ ಕಾಳಿಗೂ ದೊಡ್ಡ ಅಣೆಕಟ್ಟುಗಳು ಬಂದವು. ಇದಕ್ಕೆ ಬಂದಿಲ್ಲ. ಹಾಗಾಗಿ ಮೇಲಿನ ಅಡಿಕೆ ತೋಟ, ನಡುವಿನ ಕಾಡು, ಕೆಳಗಿನ ಉಪ್ಪುನೀರಿನ ಗದ್ದೆ ಎಲ್ಲವನ್ನೂ ಒಂದೇ ನೀರು ಸಾಕುತ್ತಿರುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೂರು ದಿನ ಇಟ್ಟುಕೊಳ್ಳಿ. ಎರಡೇ ದಿನ ಇದ್ದರೆ ಜಾಗ ಕಡಿಮೆ ಮಾಡಿ, ವೇಗ ಜಾಸ್ತಿ ಮಾಡಬೇಡಿ.

ಮೊದಲು ಕಾಲ ಗೊತ್ತುಮಾಡಿ

ಜಲಪಾತ ಅಂದರೆ ಮಳೆಗಾಲ ಎಂದು ಎಲ್ಲರೂ ಜುಲೈನಲ್ಲಿ ಹೊರಡುತ್ತಾರೆ. ಆಗ ಅಘನಾಶಿನಿ ಧುಮುಕುವ ಉಂಚಳ್ಳಿ ಜಲಪಾತದಲ್ಲಿ ಎಷ್ಟೋ ಸಲ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ನಿಲ್ಲುವುದೂ ಉಂಟು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಒಳ್ಳೆಯ ಸಮಯ. ಹೊಳೆಯಲ್ಲಿ ನೀರಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ತೋಟದಲ್ಲಿ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಶುರುವಾಗುತ್ತದೆ. ಏಪ್ರಿಲ್ ಹೊತ್ತಿಗೆ ಜಲಪಾತ ಬಡವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. ಆ ವಾರ ಊರಲ್ಲಿ ರೂಮು ಸಿಗುವುದು ಕಷ್ಟ.

ಶಿರಸಿ ತಲುಪಿ, ಹಳ್ಳಿಯಲ್ಲಿ ಉಳಿಯಿರಿ

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿ.ಮೀ. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ರೈಲಿನಲ್ಲಿ ಬರುವವರು ತಾಳಗುಪ್ಪಕ್ಕೆ ಬಂದು ಸಿದ್ದಾಪುರದ ಮೇಲೆ ಬರಬಹುದು. ಒಳಹಳ್ಳಿಗಳಿಗೆ ಬಸ್ ಇದೆ, ಆದರೆ ದಿನಕ್ಕೆ ಕೆಲವೇ ಓಡಾಟ. ಸ್ವಂತ ಗಾಡಿ ಇಲ್ಲದಿದ್ದರೆ ಉಳಿಯುವ ಮನೆಯವರ ಹತ್ತಿರವೇ ಬಾಡಿಗೆ ಗಾಡಿ ಹೇಳಿಡಿ.

ಪೇಟೆಯ ಲಾಡ್ಜ್‌ಗಿಂತ ಸಿದ್ದಾಪುರ, ಶಿರಸಿ ಹಳ್ಳಿಗಳ ಹೋಂಸ್ಟೇ ನೂರು ಪಾಲು ಮೇಲು. ಹೆಚ್ಚಿನವು ಹವ್ಯಕರ ಮನೆಗಳು. ಊಟ ಸಸ್ಯಾಹಾರ. ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮೊದಲೇ ತಿಳಿಸಿ. ಅಲ್ಲಿ ಮನೆಯ ಹೆಂಗಸರೇ ಬೆಂಕಿ ಮುಂದೆ ನಿಂತು ಅಡುಗೆ ಮಾಡುತ್ತಾರೆ, ಹೋಟೆಲಿನ ಹಾಗೆ ಕೊನೆ ಗಳಿಗೆಯಲ್ಲಿ ಕೇಳುವುದು ಸರಿಯಲ್ಲ ಅಲ್ವಾ? ತಂಬುಳಿ, ಅಪ್ಪೆಹುಳಿ, ತೆಳ್ಳೇವು ಬಡಿಸಿದರೆ ಬೇಡ ಅನ್ನಬೇಡಿ. ಅಪ್ಪೆಮಿಡಿ ಈ ಹೊಳೆಸಾಲಿನ ಮಾವು. ಆ ಪರಿಮಳ ಬೇರೆ ಯಾವ ಮಾವಿಗೂ ಇಲ್ಲ.

ತೋಟ ನೋಡಬೇಕೆಂದರೆ ಕೇಳಿ, ಮನೆಯವರು ಖುಷಿಯಿಂದಲೇ ಕರೆದುಕೊಂಡು ಹೋಗುತ್ತಾರೆ. ಕೇಳದೆ ಇಳಿಯಬೇಡಿ. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ, ಅದನ್ನು ತುಳಿಯಬಾರದು. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರ ಹತ್ತಿದ್ದಾಗ ಬುಡದಲ್ಲಿ ನಿಂತು ಫೋಟೊ ತೆಗೆಯುವುದಂತೂ ಬೇಡವೇ ಬೇಡ. ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಆ ಮನುಷ್ಯನ ಗಮನ ಕೆಳಗೆ ಹೋಗಬಾರದು.

ಚೀಲದಲ್ಲಿ ಏನಿರಬೇಕು

ಹಿಡಿತ ಇರುವ ಬೂಟು, ಉದ್ದ ಪ್ಯಾಂಟು, ತುಂಬುತೋಳಿನ ಅಂಗಿ, ನೀರಿನ ಬಾಟಲಿ, ಟಾರ್ಚ್. ಕೊಳ್ಳದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಸ್ವಲ್ಪ ನಗದು ಇರಲಿ.

ಮಳೆ ಹಸಿ ಇರುವವರೆಗೂ ಉಂಬಳ (ಜಿಗಣೆ) ಇದ್ದೇ ಇರುತ್ತದೆ. ಹತ್ತಿದರೆ ಜಗ್ಗಿ ಕೀಳಬೇಡಿ, ಉಪ್ಪು ಇಲ್ಲವೇ ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ. ಉಂಬಳದಿಂದ ಅಪಾಯವಿಲ್ಲ. ನಿಜವಾಗಿ ಎಚ್ಚರ ಬೇಕಾಗಿರುವುದು ರಕ್ತ ಹೀರುವ ಸಣ್ಣ ಹುಳು ಉಣ್ಣೆಯ (ಉಣುಗು) ಬಗ್ಗೆ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದ ಕಡೆಯೂ ಬರುತ್ತದೆ. ಅದನ್ನು ಹರಡುವುದು ಕಾಡಿನ ಉಣ್ಣೆ, ಚಳಿಗಾಲ ಮತ್ತು ಬೇಸಿಗೆಯಲ್ಲಿ ಜಾಸ್ತಿ. ಈಗ ಕಾಯಿಲೆ ಇದೆಯಾ ಎಂದು ಉಳಿಯುವ ಮನೆಯವರನ್ನು ಕೇಳಿ. ಇದ್ದರೆ ಆ ಭಾಗದ ಕಾಡಿಗೆ ಹೋಗಲೇಬೇಡಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ದರಗಿನ (ಉದುರಿದ ಒಣ ಎಲೆ) ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ.

ಮೊದಲ ದಿನ ಉಂಚಳ್ಳಿ

ಶಿರಸಿಯಿಂದ ಹೆಗ್ಗರಣೆ ಮೇಲೆ ಸುಮಾರು 35 ಕಿ.ಮೀ. ಗಾಡಿ ನಿಲ್ಲಿಸಿ ಕಾಡಿನ ದಾರಿಯಲ್ಲಿ ನಡೆದು, ಮೆಟ್ಟಿಲು ಇಳಿದರೆ ಎದುರಿಗೆ 116 ಮೀಟರ್ ಎತ್ತರದಿಂದ ಬೀಳುವ ಅಘನಾಶಿನಿ. ಬೆಳಿಗ್ಗೆಯೇ ಹೋಗಿ, ಜನ ಕಡಿಮೆ. ಸುಮ್ನೆ ಒಂದು ಗಂಟೆ ಕೂತುಕೊಳ್ಳಿ, ಮಾತು ಕಡಿಮೆ ಮಾಡಿ. ಇದು ಸಿಂಗಳೀಕ ಎಂಬ ಮಂಗಗಳ ನಾಡು. ಅವುಗಳಿಗಾಗಿಯೇ 2011ರಲ್ಲಿ ಇಲ್ಲಿ ಸುಮಾರು 300 ಚದರ ಕಿ.ಮೀ. ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಸಾರಲಾಯಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಮರದ ತುದಿಯಲ್ಲೇ ಇರುವ ಪ್ರಾಣಿ ಅದು. ಕಂಡರೆ ಅದೃಷ್ಟ, ತಿಂಡಿ ಮಾತ್ರ ಎಸೆಯಬೇಡಿ. ಒಮ್ಮೆ ರುಚಿ ಹತ್ತಿದರೆ ರಸ್ತೆಗೆ ಬಂದು ಗಾಡಿಗೆ ಸಿಗುತ್ತವೆ.

ಬೇಲಿ ದಾಟಿ ನೀರಿನ ತಲೆಗೆ ಹೋಗುವ ದಾರಿ ಯಾರಾದರೂ ತೋರಿಸಿದರೂ ಹೋಗಬೇಡಿ. ಪಾಚಿ ಹಿಡಿದ ಬಂಡೆಯಲ್ಲಿ ಯಾವ ಬೂಟೂ ನಿಲ್ಲುವುದಿಲ್ಲ. ಮೇಲೆಲ್ಲೋ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ಏರಿಬಿಡುತ್ತದೆ.

ಎರಡನೇ ದಿನ ಯಾಣ, ವಿಭೂತಿ

ಶಿರಸಿ–ಕುಮಟಾ ನಡುವೆ ಸುಮಾರು 60 ಕಿ.ಮೀ. ಹೊರಡುವ ಮುನ್ನ ದೇವಿಮನೆ ಘಟ್ಟ ತೆರೆದಿದೆಯಾ ವಿಚಾರಿಸಿ. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಅದಕ್ಕಿಂತ ಚಿಕ್ಕದಾದ 90 ಮೀಟರಿನ ಮೋಹಿನಿ ಶಿಖರ. ಎರಡೂ ಕಪ್ಪಗಿನ ಸುಣ್ಣದಕಲ್ಲು. ಭೈರವೇಶ್ವರ ಶಿಖರದ ಸೀಳಿನೊಳಗೆ ಸುತ್ತು ಬರಬಹುದು. ಅಲ್ಲಿ ದೇವಸ್ಥಾನ ಇದೆ, ಚಪ್ಪಲಿ ಹೊರಗಿಡಿ. ಬಂಡೆಯ ಮೇಲೆ ಹೆಜ್ಜೇನು ಕಟ್ಟಿರುತ್ತದೆ. ಕೂಗಾಟ, ಹೊಗೆ, ಗಾಢ ಸೆಂಟು ಮೂರೂ ಬೇಡ.

ಹತ್ತಿರದ ವಿಭೂತಿ ಜಲಪಾತ ಚಿಕ್ಕದು. ಅರಣ್ಯ ಇಲಾಖೆಯ ಗೇಟು ಸಂಜೆ ಮುಚ್ಚುತ್ತದೆ, ಮೂರು ಗಂಟೆಯೊಳಗೆ ಹೋಗಿ.

ಮೂರನೇ ದಿನ ಅಳಿವೆ

ಹೊಳೆ ಕಡಲು ಸೇರುವ ಈ ಅಳಿವೆಗೆ ಹೆಚ್ಚಿನವರು ಬರುವುದೇ ಇಲ್ಲ. ನನ್ನ ಮಟ್ಟಿಗೆ ಕೊಳ್ಳದ ಅತ್ಯಂತ ಒಳ್ಳೆಯ ಭಾಗ ಇದೇ. ದಿವಗಿ ದಾಟಿ, ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಮಿರ್ಜಾನ ಕೋಟೆ ನೋಡಿಕೊಂಡು ತದಡಿಗೆ ಬನ್ನಿ. ಮಳೆ ಮುಗಿದ ಹೊಸದರಲ್ಲಿ ಕೋಟೆಯ ಚಿರೆಕಲ್ಲು ಪೂರ್ತಿ ಹಸಿರಾಗಿರುತ್ತದೆ.

ಇಳಿತದ ಹೊತ್ತು ಯಾವಾಗ ಎಂದು ತದಡಿಯ ಮೀನುಗಾರರನ್ನು ಕೇಳಿ, ಆ ಹೊತ್ತಿಗೇ ಹೋಗಿ. ನೀರು ಹಿಂದೆ ಸರಿದಾಗ ನಡುಹೊಳೆಯಲ್ಲಿ ಜನ ಬಗ್ಗಿ ಬಳಚು (ಚಿಪ್ಪುಮೀನು) ಆರಿಸುತ್ತಿರುತ್ತಾರೆ. ದಂಡೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಆ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಕ್ಕಿ ನೋಡಲು ದುರ್ಬೀನು ಇದ್ದರೆ ಚೆನ್ನ. ಈ ಅಳಿವೆಯನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಿರುವ ಸುದ್ದಿ ಬಂದದ್ದು 2024ರಲ್ಲಿ. ಬಳಚು ಆರಿಸುವವರಿಗೆ ಆ ಕೆಲಸವೇ ದಿನದ ಕೂಲಿ. ಮಾತಾಡಿಸಿ, ಒಪ್ಪಿದರೆ ಮಾತ್ರ ಫೋಟೊ ತೆಗೆಯಿರಿ.

ತದಡಿಯಿಂದ ಆಚೆ ದಂಡೆಯ ಅಘನಾಶಿನಿ ಊರಿಗೆ ದೋಣಿ ಇದೆ. ದಾಟಿ ಅಲ್ಲಿಂದ ಕುಮಟಾಕ್ಕೆ ಬಂದು ರೈಲು ಹಿಡಿಯಬಹುದು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ದೋಣಿ ನಿಲ್ಲುವ ಧಕ್ಕೆಯಲ್ಲಿ ಮೊದಲೇ ಕೇಳಿಕೊಳ್ಳಿ. ಪ್ಲಾಸ್ಟಿಕ್ ಕಸ ಏನಿದ್ದರೂ ನಿಮ್ಮ ಜೊತೆಗೇ ವಾಪಸ್ ಬರಲಿ, ಹಳ್ಳಿಗಳಲ್ಲಿ ಅದನ್ನು ಒಯ್ಯುವ ಗಾಡಿ ದಿನಾ ಬರುವುದಿಲ್ಲ.

ಮನೆಗೆ ಬಂದ ಮೇಲೆ

ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಕಿವಿಯ ಹಿಂದೆ, ಕಂಕುಳು, ಮೊಣಕಾಲ ಸಂದು ಎಲ್ಲ ಕಡೆ ಉಣ್ಣೆ ಇದೆಯಾ ನೋಡಿಕೊಳ್ಳಿ, ಮಕ್ಕಳಿಗೂ ನೋಡಿ. ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಸಿದ್ದಾಪುರ ಕಡೆಯ ಕಾಡಿಗೆ ಹೋಗಿದ್ದೆ ಎಂದು ಮರೆಯದೆ ಹೇಳಿ. ದೂರದ ಊರಿನ ಡಾಕ್ಟರಿಗೆ ಈ ಮಾತು ತಿಳಿಯದಿದ್ದರೆ ಮಂಗನ ಕಾಯಿಲೆಯ ಪರೀಕ್ಷೆ ಮಾಡಿಸುವ ಯೋಚನೆ ಬರುವುದೇ ಕಷ್ಟ.